ಅಳಿಸಲಾಗದ ‘ಊಟ ಆಯ್ತಾ?’

ಬೆಳಗಿನ ಐದೂಕಾಲು. ಅಣಬೆ ಬೆಳೆಯುವ ಶೆಡ್ಡಿನ ಪಕ್ಕದ ಶೀತಲ ಕೋಣೆಯಲ್ಲಿ ಚೀಟಿ ಅಕ್ಕ ಎರಡು ಸ್ವೆಟರ್ ತೊಟ್ಟು, ತಲೆಗೆ ಮಫ್ಲರ್ ಬಿಗಿದು ನಿಂತಿದ್ದಾರೆ. ಅಣಬೆ ಕೊಯ್ದವರು ಕ್ರೇಟುಗಳನ್ನು ಪೇರಿಸಿಟ್ಟು ಹೊರಟುಹೋಗಿದ್ದಾರೆ. ಲಾರಿ ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಈ ಕೋಣೆಯಲ್ಲಿ ಸದ್ದು ಮಾಡುವುದು ಫ್ಯಾನು ಮಾತ್ರ.

ಒಂದೊಂದು ಕ್ರೇಟಿನ ತೂಕ, ತಂಪು ನೋಡಿ, ಚೀಟಿ ಅಂಟಿಸಿ, ವಿವರವನ್ನು ಮೊಬೈಲಿಗೆ ತುಂಬುವುದು ಅಕ್ಕನ ಕೆಲಸ. ದಿನಕ್ಕೆ ಇನ್ನೂರ ನಲವತ್ತು ಕ್ರೇಟು. ಅಂಗಡಿಯಲ್ಲಿ ಗಿರಾಕಿ ಪೊಟ್ಟಣಕ್ಕೆ ಫೋನ್ ಹಿಡಿದರೆ ಅಣಬೆಯ ಜಾತಕವೆಲ್ಲ ಕಾಣುತ್ತದೆ. ಅಕ್ಕನ ಹೆಸರು ಕಾಣುವುದಿಲ್ಲ. ‘ದಾಖಲೆ: 17’, ಅಷ್ಟೇ.

ಈ ಏರ್ಪಾಟಿಗೆ ಬ್ಲಾಕ್‌ಚೈನ್ ಎಂದು ಹೆಸರು. ಒಂದೇ ದಾಖಲೆಯ ಪ್ರತಿ ಶೆಡ್ಡು, ಲಾರಿ, ಗೋದಾಮು, ಅಂಗಡಿ ಎಲ್ಲರ ಬಳಿಯೂ ಇರುವುದರಿಂದ ಗುಟ್ಟಾಗಿ ತಿದ್ದುವಂತಿಲ್ಲ. “ನಮ್ಮತ್ತೆ ಜ್ಞಾಪಕಶಕ್ತಿ ಇದ್ದ ಹಾಗೆ,” ಎಂದು ಅಕ್ಕ ನಗುತ್ತಾರೆ. “ಸೇರಿಸಬಹುದು, ಅಳಿಸೋಕಾಗಲ್ಲ.”

ಗಂಡ ತೀರಿಕೊಂಡ ಮೇಲೆ ಅಕ್ಕನ ಮಾತಿಗೆ ಸಿಗುವವಳು ದೂರದಲ್ಲಿರುವ ತಂಗಿ ಒಬ್ಬಳೇ, ಅದೂ ಮೆಸೇಜಿನಲ್ಲಿ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ತಂಗಿಗೆ ಬರೆದ ‘ಊಟ ಆಯ್ತಾ?’ ಕೈತಪ್ಪಿ ದಾಖಲೆಯ ಷರಾ ಜಾಗಕ್ಕೆ ಬಿದ್ದು, ಅರವತ್ತು ಕ್ರೇಟಿನ ಜೊತೆ ಹೊರಟೇಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಲ್ಲಿ ಬೆರಳು ಒತ್ತಿದರೂ ಹೋಯಿತು. ಆಫೀಸಿನಲ್ಲಿ ಚೆನ್ನಾಗಿ ಮಂಗಳಾರತಿಯಾಯಿತು. ಇನ್ನೊಮ್ಮೆ ಬೇಡದ ಒಂದಕ್ಷರ ಬಿದ್ದರೂ ಕೆಲಸ ಬಿಡಬೇಕೆಂದು ಮೇಲ್ವಿಚಾರಕರು ಎಚ್ಚರಿಸಿದರು.

ಮೂರನೆಯ ದಿನ ಅದೇ ದಾಖಲೆಯ ಕೊನೆಯಲ್ಲಿ ಒಂದು ಹೊಸ ಸಾಲಿತ್ತು. ಯಾವುದೋ ಆಸ್ಪತ್ರೆಯ ಅಡುಗೆಮನೆಯಲ್ಲಿ ಕ್ರೇಟು ಇಳಿಸಿಕೊಂಡವರು ಬರೆದಿದ್ದರು: ‘ಆಯ್ತು. ನಿಮ್ದು?’ ಅವರಿಗೂ ಹೆಸರಿಲ್ಲ, ‘ದಾಖಲೆ: 402’. ಹೆಂಗಸೋ ಗಂಡಸೋ ಅಕ್ಕನಿಗೆ ಗೊತ್ತಿಲ್ಲ.

ಅಕ್ಕ ಇನ್ನೂ ಉತ್ತರ ಬರೆದಿಲ್ಲ. ಹೊಟ್ಟೆಪಾಡಿನ ಪ್ರಶ್ನೆ. ದಿನಾ ಮಧ್ಯಾಹ್ನ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು, ಡಬ್ಬಿ ತೆರೆಯುವ ಮೊದಲು ಆ ಸಾಲನ್ನು ಒಮ್ಮೆ ನೋಡುತ್ತಾರೆ. ಎರಡು ವರ್ಷದಲ್ಲಿ ಈ ಕೋಣೆಯೊಳಗೆ ಅವರ ಊಟ ವಿಚಾರಿಸಿದ್ದು ಆ ಸಾಲು ಮಾತ್ರ.

“ಕೇಳಿದವರಿಗೆ ಉತ್ತರ ಕೊಡದೆ ತಿನ್ನೋದು ಅಂದ್ರೆ ತುತ್ತು ಗಂಟಲಲ್ಲೇ ನಿಲ್ಲತ್ತೆ,” ಎನ್ನುತ್ತಾರೆ.

ಮುಂದಿನ ವರ್ಷ ನಿವೃತ್ತಿ. ಕೊನೆಯ ದಿನ ಯಾರೂ ಕೆಲಸದಿಂದ ತೆಗೆಯಲಾರರು, ಅವತ್ತು ಬರೆಯುತ್ತಾರಂತೆ. ‘ನಂದೂ ಆಯ್ತು’ ಅಂತಲಾ? ಎಂದು ಕೇಳಿದರೆ ಅಕ್ಕ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಅಲ್ಲ. ‘ಇನ್ನೂ ಇಲ್ಲ, ಬನ್ನಿ’ ಅಂತ.”