ಒಂದೇ ಹಾಡಿನ ತಂಡಗಳು

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಹಗಲು ಪೀಣ್ಯದಲ್ಲಿ ಲೇತ್ ಮುಂದೆ, ಸಂಜೆ ಕಾಲೇಜಿನ ಬೆಂಚಿನ ಮೇಲೆ. ಇದನ್ನು ಹೇಳದೆ ನನಗೆ ಯಾವ ಮಾತೂ ಶುರುವಾಗುವುದಿಲ್ಲ, ಸಹಿಸಿಕೊಳ್ಳಿ. ಅಂಥ ನಾನು ಈಚೆಗೆ ಕೇಳುತ್ತಿರುವುದು ಅರವತ್ತರ ದಶಕದ ಯುರೋಪಿನ ಗ್ಯಾರೇಜ್ ರಾಕ್ ಸಂಕಲನಗಳನ್ನು. "ಇದೇನ್ರೀ, ರಿಟೈರ್ ಆದ್ಮೇಲೂ ಫ್ಯಾಕ್ಟರಿ ಸದ್ದು ಮನೇಗ್ ತಂದ್ರಾ?" ಅನ್ನುತ್ತಾಳೆ ಹೆಂಡತಿ.

ತೀರಾ ತಪ್ಪಲ್ಲ. ಅದರಲ್ಲಿ ಹಾಡಿರುವುದು ಹಾಲೆಂಡು, ಸ್ವೀಡನ್ನು, ಸ್ಪೇನಿನ ಹುಡುಗರು; ಕಾರಿನ ಶೆಡ್ಡಿನಲ್ಲಿ ಅಭ್ಯಾಸ ಮಾಡಿ, ಒಂದೇ ಒಂದು ರೆಕಾರ್ಡ್ ತಂದು, ಅದು ಮಾರಾಟವಾಗದೆ ತಂತಮ್ಮ ಕೆಲಸಕ್ಕೆ ಹೋದವರು. ಹಾಡುವುದು ಇಂಗ್ಲೆಂಡಿನವರನ್ನು ಕೇಳಿ ಕಲಿತ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನವನಾದ ನನಗೆ ಆ ಇಂಗ್ಲಿಷ್ ಕೇಳಿದರೆ ಜೀವಕ್ಕೆ ಹಿತ. ಇಂಟರ್‌ವ್ಯೂನಲ್ಲಿ ನಾನೂ ಹೀಗೇ ಮಾತಾಡಿದ್ದೆ: ವ್ಯಾಕರಣ ಕಮ್ಮಿ, ಧೈರ್ಯ ಜಾಸ್ತಿ.

ಎಷ್ಟೋ ವರ್ಷಗಳ ಮೇಲೆ ಯಾರೋ ಹುಚ್ಚರು ಅಟ್ಟ, ಗುಜರಿ ಎಲ್ಲ ತಡಕಿ, ಆ ರೆಕಾರ್ಡುಗಳನ್ನು ಹುಡುಕಿ ಒಟ್ಟು ಮಾಡಿದ್ದಾರೆ. ಮೂಲ ಟೇಪು ಸಿಗದ ಕಡೆ ಸವೆದ ರೆಕಾರ್ಡಿನಿಂದಲೇ, ಚಟಚಟ ಸದ್ದಿನ ಸಮೇತ ಇಳಿಸಿಕೊಂಡಿದ್ದಾರೆ. ನನಗೆ ಹೊಟ್ಟೆಕಿಚ್ಚಾಗುವುದು ಹಾಡಿದವರ ಮೇಲಲ್ಲ. ಅವರಿಗೆ ಇಂಥ ಹುಚ್ಚರು ಸಿಕ್ಕರಲ್ಲ ಅಂತ.

ನಮ್ಮ ಫ್ಯಾಕ್ಟರಿಯಲ್ಲೂ ಒಂದು ತಂಡವಿತ್ತು. ಬಾಗಲಕೋಟೆ ಕಡೆಯ ವೆಲ್ಡರ್ ಮಹಾಂತೇಶ ಹಾಡುಗಾರ, ತಮಟೆ ಬಾರಿಸುವ ಲೆಕ್ಕಕ್ಕೆ ನಾನು. ರಾಜ್ಯೋತ್ಸವದ ದಿನ ಸಿನಿಮಾ ಹಾಡೆಲ್ಲ ಮುಗಿಸಿ, ಜನ ಊಟಕ್ಕೆ ಎದ್ದಮೇಲೆ, ಮಹಾಂತೇಶ ತಾನೇ ಕಟ್ಟಿದ ಹಾಡು ಹಿಡಿಯುತ್ತಿದ್ದ: "ಸೈರನ್ ಕೂಗೋ ಮುಂಚೆ ಒಂದ್ಸಲ ತಿರುಗಿ ನೋಡೇ." ಪಲಾವಿನ ತಟ್ಟೆ ಹಿಡಿದವರೂ ನಿಂತು ಕೇಳುತ್ತಿದ್ದರು. ಆಮೇಲೆ ಫ್ಯಾಕ್ಟರಿ ಮುಚ್ಚಿತು, ತಂಡ ಚದುರಿತು, ಅವನು ಹಾಡುವುದನ್ನೇ ಬಿಟ್ಟ. ಅವನ ಮಗಳು ಹುಟ್ಟಿದ್ದು ಅದಾದಮೇಲೆ. ಹೋದ ವರ್ಷ ಅವನಿಗೆ ಗಂಟಲ ಆಪರೇಷನ್ ಆಗಿ ಈಗ ಪಿಸುಮಾತಷ್ಟೇ ಉಳಿದಿದೆ.

"ಅಂಕಲ್, ಅಪ್ಪ ಹಾಡಿದ್ದು ನಿಮ್ಮತ್ರ ಏನಾದ್ರೂ ಇದ್ಯಾ? ನಾನು ಒಂದ್ಸಲಾನೂ ಕೇಳಿಲ್ಲ," ಅಂದಳು ಮಗಳು ರೇಖಾ.

ಲಗ್ಗೆರೆಯ ಮೈಕ್‌ಸೆಟ್‌ನವನು ಒಂದು ವರ್ಷದ ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ಇಳಿಸಿದ್ದು ನೆನಪಿತ್ತು. ಹುಡುಕಿಕೊಂಡು ಹೋದೆ. "ಅಯ್ಯೋ, ಅದ್ರ ಮೇಲೆ ಎಲೆಕ್ಷನ್ ಪ್ರಚಾರ ತುಂಬ್ಸ್‌ಬಿಟ್ಟೆ ಕಣಣ್ಣ. ಇನ್ನೂ ಚೆನ್ನಾಗಿದ್ದ ಕ್ಯಾಸೆಟ್ಟು, ಸುಮ್ನೆ ಇಡಕ್ಕಾಗುತ್ತಾ?" ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ಅದು ಇಟ್ಟುಕೊಳ್ಳುವ ವಸ್ತು ಅಂತ ನಮ್ಮಲ್ಲಿ ಯಾರಿಗೆ ತಾನೇ ಹೊಳೆದಿತ್ತು? ನಟ್ಟು ಬೋಲ್ಟು ಹಾಳಾಗದಂತೆ ಗ್ರೀಸ್ ಹಚ್ಚಿಡುವುದಷ್ಟೇ ಗೊತ್ತಿದ್ದ ಜನ ನಾವು.

ಕೊನೆಗೆ ಚಿಕ್ಕಬಾಣಾವರದ ಮಹಾಂತೇಶನ ಮನೆಯಲ್ಲಿ ಕೂತು, ರೇಖಾಳ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಸಿ, ಆ ಹಾಡನ್ನು ನಾನೇ ಹಾಡಿದೆ. ಮಹಾಂತೇಶ ತೊಡೆ ತಟ್ಟಿ ತಾಳ ತಿದ್ದಿದ, ಕಿವಿ ಮುಚ್ಚಿಕೊಂಡ, ಎರಡನೇ ಸಾಲಿಗೆ ತಡೆಯಲಾಗದೆ ಪಿಸುಗುಟ್ಟಿದ: "ಸಾಕ್ ಬಿಡೋ ಮಾರಾಯಾ, ಓಣಿ ಮಂದಿ ಕಲ್ಲ್ ಹೊಡೀತಾರ." ಹೇಳಿದವನೇ ನಕ್ಕ. ಗಾಳಿ ಹೋಗುವ ಸೈಕಲ್ ಟ್ಯೂಬಿನಂಥ ನಗು.

ಮರುದಿನ ರೇಖಾಗೆ ಫೋನ್ ಮಾಡಿ, ಹಾಡು ಮತ್ತೆ ಕೇಳಿದೆಯಾ ಅಂತ ವಿಚಾರಿಸಿದೆ. "ಬೇಜಾರ್ ಮಾಡ್ಕೋಬೇಡಿ ಅಂಕಲ್," ಅಂದಳು, "ನಿಮ್ಮ ಹಾಡು ಕಟ್ ಮಾಡ್ಬಿಟ್ಟೆ. ಅಪ್ಪನ ನಗು ಇಟ್ಕೊಂಡಿದೀನಿ."