ಕಳವಾರಕ್ಕೆ ಹೊರಟ ಕಾರು

ಆ ಕಾಲದಲ್ಲಿ ಶಿಡ್ಲಘಟ್ಟದ ನಮ್ಮ ಬೀದಿಗೆ ಹೊಸಬರು ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಬೆಳಗಾದರೆ ರೇಷ್ಮೆಗೂಡು ಬೇಯುವ ವಾಸನೆ. ನಮಗೆ ಅದು ಗೊತ್ತೇ ಆಗುತ್ತಿರಲಿಲ್ಲ. ನನಗೆ ಗೊತ್ತಾಗುತ್ತಿದ್ದದ್ದು ಅಪ್ಪನ ಶೆಡ್ಡಿನ ಪೆಟ್ರೋಲು, ಗ್ರೀಸಿನ ವಾಸನೆ, ಮತ್ತೆ ಚಳಿ ಶುರುವಾದರೆ ಎಲ್ಲದರ ಮೇಲೂ ಹರಡುತ್ತಿದ್ದ ಅವರೆಕಾಯಿಯ ಸೊಗಡು. ಇದು ಅಂಥದೊಂದು ಅವರೆಕಾಯಿ ಕಾಲದ ಮಾತು. ನನಗಾಗ ಹನ್ನೊಂದು ವರ್ಷ.

ಅಪ್ಪ ಮೆಕ್ಯಾನಿಕ್. ಶೆಡ್ಡಿನ ಹಿಂಬದಿಯಲ್ಲಿ ಟಾರ್ಪಾಲಿನ ಕೆಳಗೆ ಅವನದೇ ಒಂದು ಕಾರು ಇತ್ತು. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಉದ್ದನೆಯ ಮೂತಿ, ಕಡುಹಸಿರು ಬಣ್ಣ. ಕೋಲಾರದ ಗಣಿ ಕಡೆಯ ಮುದಿ ಡಾಕ್ಟರೊಬ್ಬರು ಊರು ಬಿಡುವಾಗ, ಇದರ ಕಷ್ಟಸುಖ ಬಲ್ಲವನು ನೀನೊಬ್ಬನೇ ಎಂದು ಅಪ್ಪನಿಗೆ ಬಿಟ್ಟುಹೋದದ್ದು. ಊರಿನವರು ಅದನ್ನು ರೇಸ್ ಕಾರು ಅನ್ನುತ್ತಿದ್ದರು.

ಆ ವರ್ಷ ಅಪ್ಪನ ಕೈ ನಡುಗತೊಡಗಿತು. ಮೊದಲು ಬಲಗೈ ಹೆಬ್ಬೆರಳು, ದೀಪಾವಳಿಯ ಹೊತ್ತಿಗೆ ಎರಡೂ ಕೈ. ನರದ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿದರು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಶೆಡ್ಡು ಹಿಡಿದರು. ಅಪ್ಪ ಮಾತ್ರ ಕಾಯಿಲೆಯ ಮಾತೇ ಎತ್ತುತ್ತಿರಲಿಲ್ಲ. ಎತ್ತಿದರೆ ಕಾರಿನ ಮಾತು. ಅದು ಜರ್ಕ್ ಹೊಡೆಯುತ್ತಿತ್ತು, ಏರು ಸಿಕ್ಕಿದರೆ ಕೆಮ್ಮಿ ನಿಂತುಬಿಡುತ್ತಿತ್ತು.

"ಡಿಸ್ಟ್ರಿಬ್ಯೂಟರ್ ಸವೆದೋಗೈತೆ, ಅಷ್ಟೇ. ಅದೊಂದು ಬದಲಾಯಿಸಿದ್ರೆ ಸಂಕ್ರಾಂತಿಗೆ ಇದರಲ್ಲೇ ಕಳವಾರಕ್ಕೆ ಹೋಗಣ, ಅಕ್ಕನ ಮನೆಗೆ" ಎನ್ನುತ್ತಿದ್ದ.

ಹಿತ್ತಿಲಲ್ಲಿ ಅವರೆಬೇಳೆ ಹಿದುಕುತ್ತಿದ್ದ ಅಮ್ಮ ತಲೆ ಎತ್ತದೆ, "ಮುದ್ದೆ ಮುರಿಯೋಕೆ ಆಗ್ತಿಲ್ಲ, ಕಾರು ರಿಪೇರಿ ಮಾಡ್ತಾರಂತೆ" ಅಂದಳು.

"ನಾನೆಲ್ಲಿ ಮಾಡ್ತೀನಿ? ನನ್ ಮಗಳು ಮಾಡ್ತಾಳೆ."

ಹಾಗೆ ಆ ಕೆಲಸ ನನ್ನ ಕೈಗೆ ಬಂತು. ಸ್ಕೂಲಿಂದ ಬಂದವಳೇ ಕುಂಟೆಬಿಲ್ಲೆ ಬಿಟ್ಟು ಶೆಡ್ಡಿಗೆ ಓಡುತ್ತಿದ್ದೆ. ಅಪ್ಪ ಸ್ಟೂಲಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತು ಹೇಳುವನು, ನಾನು ಬಾನೆಟ್ಟಿನೊಳಗೆ ಬಗ್ಗಿ ಮಾಡುವೆನು. ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಪುಟ್ಟ ಮುಳ್ಳು. ಅದು ಸುತ್ತುತ್ತಾ ನಾಲ್ಕು ಪ್ಲಗ್ಗುಗಳಿಗೆ ಸರದಿಯ ಮೇಲೆ ಕರೆಂಟು ಹಂಚುತ್ತದೆ ಎಂದು ವಿವರಿಸಿದ. ಅದರ ಕೆಳಗಿನ ಸವೆದ ದಂಡವನ್ನು ನನ್ನ ಕೈಯಿಂದಲೇ ಅಲ್ಲಾಡಿಸಿ ನೋಡಿಸಿದ. ಮದ್ರಾಸಿನ ಹಳೇ ಸಾಮಾನಿನ ಅಂಗಡಿಗೆ ಅಪ್ಪ ಹೇಳಿದಂತೆ ಕಾಗದ ಬರೆದವಳೂ ನಾನೇ. ಪಾರ್ಸಲ್ ಬರಲು ಹದಿನೈದು ದಿನ ಹಿಡಿಯಿತು. ಅಷ್ಟು ದಿನವೂ ಅಪ್ಪ ದಿನಾ ಸಂಜೆ ಮಾತಾಡುತ್ತಲೇ ಇದ್ದ: ಇಂಜಿನ್ನಿನ ಬಗ್ಗೆ, ಕೆಲಸ ಕಲಿಸಿದ ಮೇಸ್ತ್ರಿಯ ಬಗ್ಗೆ, ಚಿಕ್ಕವನಿದ್ದಾಗ ಕಳವಾರದ ಬೆಟ್ಟದ ಮೇಲೆ ಅತ್ತೆ ಜೊತೆ ದಾರಿ ತಪ್ಪಿ ಅತ್ತದ್ದರ ಬಗ್ಗೆ.

ಹೊಸದನ್ನು ಕೂರಿಸಿದ ದಿನ ಕಾರು ಸ್ಟಾರ್ಟ್ ಆಗುವ ಬದಲು ಢಮ್ ಎಂದು ಸಿಡಿಯಿತು. ಬೇಲಿಯ ಮೇಲಿದ್ದ ಕೋಳಿಗಳು ಹಾರಿದವು. ನನಗೆ ಅಳು ಬಂತು.

"ಅಳಬೇಡ ಕಣಮ್ಮ. ಮುಳ್ಳು ತಿರುಗಾಮುರುಗಾ ಕೂತೈತೆ. ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಹಾಕು."

ಬಿಚ್ಚಿ ಹಾಕಿದೆ. ಈ ಸಲ ಇಂಜಿನ್ ಹಿಡಿಯಿತು. ನಾನು ಡಿಸ್ಟ್ರಿಬ್ಯೂಟರ್ ಹಿಡಿದು ತಿರುಗಿಸುತ್ತಿದ್ದರೆ ಅಪ್ಪ ಕಣ್ಣು ಮುಚ್ಚಿ ಸದ್ದು ಕೇಳುತ್ತಾ, "ಒಂಚೂರು ಎಡಕ್ಕೆ, ಇನ್ನೊಂಚೂರು, ಹಾಂ, ಅಲ್ಲೇ ಬಿಗಿ" ಅಂದ. ಒಂದೇ ಏಟಿಗೆ ಸದ್ದು ನುಣ್ಣಗಾಯಿತು. ಅಮ್ಮ ಕೂಡ ಬಾಗಿಲಿಗೆ ಬಂದು ನಿಂತಳು.

ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಎಷ್ಟು ಬೇಡವೆಂದರೂ ಕೇಳದೆ ಅಪ್ಪ ಹೊರಟ. ಪಕ್ಕದಲ್ಲಿ ನಾನು, ಮಡಿಲಲ್ಲಿ ಅತ್ತೆಗೆ ಎಳ್ಳುಬೆಲ್ಲದ ಡಬ್ಬಿ. ಚಿಕ್ಕಬಳ್ಳಾಪುರದ ರಸ್ತೆಯಲ್ಲಿ ಊರು ದಾಟುವ ತನಕ ಎಲ್ಲಾ ಸರಿಯಿತ್ತು. ಹಿಪ್ಪುನೇರಳೆ ತೋಟಗಳ ಹತ್ತಿರ ಎದುರಿಗೊಂದು ಬಸ್ಸು ಬಂತು. ಅಪ್ಪ ಸ್ಟೀರಿಂಗ್ ಎಳೆದ. ಎಳೆದ ಕೈ ಮತ್ತೆ ತಿರುಗಲಿಲ್ಲ. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ಹೊರೆ ಬಿಸಾಡಿ ಪಕ್ಕಕ್ಕೆ ಹಾರಿದಳು. ಕಾರು ಸೊಪ್ಪಿನ ಮೇಲೆ ಹತ್ತಿ, ತೋಟದ ಬದುವಿಗೆ ಮೂತಿ ತಾಗಿಸಿ ನಿಂತಿತು. ಇಂಜಿನ್ ಮಾತ್ರ ನಿಂತಿರಲಿಲ್ಲ. ನಾನು ಕೂರಿಸಿದ ಹಾಗೇ, ಒಂದಿಷ್ಟೂ ತಪ್ಪದೆ ನುಣ್ಣಗೆ ಓಡುತ್ತಿತ್ತು.

ಅಪ್ಪ ಕೀ ತಿರುಗಿಸಲು ಹೋದ. ಬೆರಳಿಗೆ ಸಿಗಲಿಲ್ಲ. ನಾನೇ ಬಗ್ಗಿ ಆಫ್ ಮಾಡಿದೆ.

ಆ ಹೆಂಗಸು ಎದೆ ಹಿಡಿದುಕೊಂಡು, "ಚಂಪೇಸ್ತಿವಿ ಕದಪ್ಪಾ! ಕೊಂದೇ ಬಿಡ್ತಿದ್ದೆಯಲ್ಲೋ!" ಎಂದು ಕೂಗಿದಳು. ಅಪ್ಪನ ಮುಖ ನೋಡಿದವಳೇ ಬಗ್ಗಿ ಸೊಪ್ಪು ಆಯತೊಡಗಿದಳು. ತೋಟದಿಂದ ನಾಲ್ಕು ಜನ ಬಂದರು. ಒಬ್ಬ ಕೇಳಿದ: "ಏನಾಗೈತಣ್ಣ ಗಾಡಿಗೆ?"

"ಗಾಡಿಗೇನೂ ಆಗಿಲ್ಲಪ್ಪ" ಅಂದ ಅಪ್ಪ.

ಅವರೇ ಮನೆಯ ತನಕ ತಳ್ಳಿಕೊಟ್ಟರು. ಅಪ್ಪ ಹಿಂದೆ ನಡೆದುಕೊಂಡು ಬಂದ. ಮನೆಗೆ ಬಂದು ನೀರು ಕುಡಿದು ಗೋಡೆ ಕಡೆ ಮುಖ ಮಾಡಿ ಮಲಗಿದ. ಅದಾದ ಮೇಲೆ ಶೆಡ್ಡಿನ ಬಾಗಿಲು ತೆಗೆಯಲೇ ಇಲ್ಲ, ಸಂಜೆ ನನ್ನ ಹತ್ತಿರ ಮಾತಿಗೂ ಕೂರಲಿಲ್ಲ.

ಅಪ್ಪ ಇನ್ನೂ ಒಂಬತ್ತು ವರ್ಷ ಇದ್ದ. ಕೈ ಆದ ಮೇಲೆ ಕಾಲು, ಕಾಲಾದ ಮೇಲೆ ನಾಲಿಗೆ ಕಟ್ಟಿತು. ಕಾರನ್ನು ಯಾರೋ ಲಾರಿಗೆ ಹತ್ತಿಸಿಕೊಂಡು ಹೋದರು. ಅದಕ್ಕಾಗಿ ನನಗೆ ದುಃಖವಿಲ್ಲ. ಆ ಸಂಕ್ರಾಂತಿಯ ತನಕ ಅಪ್ಪನ ಪಾಲಿಗೆ ಕೆಟ್ಟಿದ್ದದ್ದು ಕಾರು. ಅದನ್ನು ಸರಿಮಾಡಿ, ಕೆಟ್ಟಿರುವುದು ತಾನು ಎಂದು ಅವನಿಗೆ ತೋರಿಸಿಕೊಟ್ಟವಳು ನಾನು. ಹನ್ನೊಂದು ವರ್ಷದ ಹುಡುಗಿಯ ತಪ್ಪೇನಿದೆ ಎಂದು ಅಮ್ಮ ಸಾಯುವ ತನಕ ಹೇಳಿದಳು. ಇರಲಿಕ್ಕಿಲ್ಲ. ಆದರೆ ಪಾರ್ಸಲ್ ಇನ್ನೊಂದು ವರ್ಷ ಬರದೇ ಇದ್ದಿದ್ದರೆ ಅಪ್ಪ ಇನ್ನೊಂದು ವರ್ಷ ನನ್ನ ಹತ್ತಿರ ಮಾತಾಡುತ್ತಿದ್ದ.