ಮನೆ ಬಿಟ್ಟ ಮೂರು ತಿಂಗಳು ಮತ್ತು ಚಿಕ್ಕಮ್ಮನ ಸ್ಕಾಲರ್‌ಶಿಪ್

ಹೋದ ದಸರಾ ರಜೆಯಲ್ಲಿ ನೀವಿಬ್ಬರೂ ಬಂದಿದ್ದಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಿರಿ. ಬಡಿಸುತ್ತಿದ್ದ ಚಿಕ್ಕಮ್ಮನನ್ನು ನಿಮ್ಮಲ್ಲಿ ದೊಡ್ಡವನು, "ಚಿಕ್ಕಮ್ಮ, ನೀನು ಡಿಗ್ರಿ ಫೇಲಂತೆ, ಹೌದಾ?" ಎಂದು ಕೇಳಿದ. ಯಾರೋ ಆಡಿದ್ದನ್ನು ಕೇಳಿಸಿಕೊಂಡು ಬಂದಿದ್ದ, ಅವನ ತಪ್ಪಲ್ಲ. ಅವಳು "ಹೂಂ ಕಣೋ, ನಿನ್ನಷ್ಟು ಬುದ್ಧಿ ಇರ್ಲಿಲ್ಲ ನಂಗೆ" ಎಂದು ನಕ್ಕು, ಅವನ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿ ಒಳಗೆ ಹೋದಳು. ಆ ಮಧ್ಯಾಹ್ನ ಅವಳು ಊಟಕ್ಕೆ ಕೂರಲಿಲ್ಲ.

ನಿಮ್ಮ ಚಿಕ್ಕಮ್ಮ ಯಾವ ಪರೀಕ್ಷೆಯಲ್ಲೂ ಫೇಲಾದವಳಲ್ಲ. ಅದನ್ನು ಅಲ್ಲೇ ಹೇಳಬಹುದಿತ್ತು. ಆದರೆ ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ, ಎದುರಿಗಿರುವವರು ಮೊಮ್ಮಕ್ಕಳಾದರೂ ಅಷ್ಟೇ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಮಾತಾಡುವುದಕ್ಕಿಂತ ಬರೆಯುವುದು ನನಗೆ ಸುಲಭ. ನೀವು ಇನ್ನೂ ಸ್ವಲ್ಪ ದೊಡ್ಡವರಾದ ಮೇಲೆ ಓದಿಕೊಳ್ಳಿ.

ನಿಮ್ಮ ತಾತ ಮರದ ಸಾಮಾನಿಗೆ ಪಾಲಿಶ್ ಹಾಕುತ್ತಿದ್ದರು. ಬಾಗಿಲು, ಬೀರು, ಊಟದ ಮೇಜು, ಯಾರು ಕರೆದರೆ ಅವರ ಮನೆಗೆ ಹೋಗಿ ಕೆಲಸ ಮಾಡಿಕೊಟ್ಟು ಬರುತ್ತಿದ್ದರು. ಅವರ ಅಂಗಿಯಲ್ಲಿ ಸ್ಪಿರಿಟ್ಟಿನ, ಅರಗಿನ ವಾಸನೆ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಸರಸ್ವತಿಪುರಂನಲ್ಲಿ ಒಬ್ಬರ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ಬಾಡಿಗೆಗಿದ್ದೆವು. ಮಾಲೀಕರು ಮಹಡಿಯ ಮೇಲಿದ್ದರು. ನಿಮ್ಮ ಅಮ್ಮನಿಗೆ ಮದುವೆಯಾಗಿ ನಂಜನಗೂಡಿಗೆ ಹೋಗಿಯಾಗಿತ್ತು. ಚಿಕ್ಕವಳು ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದು ಬಿ.ಎಸ್ಸಿಗೆ ಸೇರಿದಾಗ, ಒಂದು ಟ್ರಸ್ಟಿನವರು ಅವಳ ಕಾಲೇಜು ಫೀಸನ್ನು ಪೂರ್ತಿ ಕಟ್ಟಲು ಒಪ್ಪಿದರು. ಅದಿಲ್ಲದಿದ್ದರೆ ಆ ಕಾಲೇಜಿನ ಆಸೆಯನ್ನೇ ನಾವು ಇಟ್ಟುಕೊಳ್ಳುತ್ತಿರಲಿಲ್ಲ.

ಒಂದು ಸಲ ಕೊಟ್ಟರೆ ಕೊನೆಯವರೆಗೂ ಕೊಡುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಪ್ರತಿ ಸೆಮಿಸ್ಟರಿನಲ್ಲೂ ಎಲ್ಲ ವಿಷಯಗಳನ್ನು ಮೊದಲ ಸಲಕ್ಕೇ ಪಾಸು ಮಾಡಬೇಕು. ಪ್ರತಿ ವಿಷಯದಲ್ಲೂ ನೂರಕ್ಕೆ ಎಪ್ಪತ್ತೈದು ಹಾಜರಾತಿ ಇರಬೇಕು. ಒಂದು ವಿಷಯ ಉಳಿದುಕೊಂಡರೂ ಮುಂದಿನ ಫೀಸು ಬರುವುದಿಲ್ಲ. ಇದನ್ನೆಲ್ಲ ಅವಳು ನಮ್ಮಿಬ್ಬರಿಗೂ ಬಿಡಿಸಿ ಹೇಳಿದಳು. ತಾತ ಕೈಗೆ ಅಂಟಿದ ಅರಗನ್ನು ಉಜ್ಜಿಕೊಳ್ಳುತ್ತಾ ಕೇಳಿ, "ನಮ್ ಪಾಲಿಶ್ ಇದ್ದಂಗೇ ಕಣವ್ವ. ಮಧ್ಯೆ ಒಂದು ಕೋಟ್ ಬುಟ್ರೆ, ಮೇಲೆ ಎಷ್ಟು ಹೊಡುದ್ರೂ ಮಿಂಚಲ್ಲ" ಎಂದರು.

"ಬುಡಲ್ಲ ಕಣಪ್ಪ" ಎಂದಳು ಅವಳು.

ಬಿಡಲಿಲ್ಲ. ಮೂರು ಸೆಮಿಸ್ಟರು ಎಲ್ಲದರಲ್ಲೂ ಪಾಸಾದಳು. ರಸಾಯನಶಾಸ್ತ್ರವೆಂದರೆ ಅವಳಿಗೆ ಇಷ್ಟ. ತಾತನ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ನೀರಿನಲ್ಲಿ ಯಾಕೆ ಕರಗುವುದಿಲ್ಲ ಎಂದು ಅವರಿಗೇ ಪಾಠ ಹೇಳುತ್ತಿದ್ದಳು. ಅವರು ಏನೂ ತಿಳಿಯದವರ ಹಾಗೆ ಕೂತು ಕೇಳುತ್ತಿದ್ದರು.

ನಾಲ್ಕನೆಯ ಸೆಮಿಸ್ಟರು ಆಗಷ್ಟೇ ಶುರುವಾಗಿತ್ತು. ಒಂದು ಬೆಳಿಗ್ಗೆ ತಾತ ಕೆಲಸಕ್ಕೆ ಹೊರಟವರು ಹೊಸಿಲ ಹತ್ತಿರ ಕೂತುಕೊಂಡರು. ಎದೆಯಲ್ಲಿ ಏನೋ ಆಗುತ್ತಿದೆ ಎಂದರು. ನಾನು ನೀರು ತರುವಷ್ಟರಲ್ಲಿ ಮುಗಿದುಹೋಗಿತ್ತು.

ಇಲವಾಲದಿಂದ ಒಳಗೆ ಒಂದು ಸಣ್ಣ ಊರಿನಲ್ಲಿ ತಾತನ ಅಣ್ಣ ಇದ್ದಾರಲ್ಲ, ನಿಮಗೆ ದೊಡ್ಡ ತಾತ, ನನಗೆ ಭಾವ, ಅವರೇ ಬಂದು ಎಲ್ಲ ಕೆಲಸ ಮುಂದೆ ನಿಂತು ಮಾಡಿಸಿದರು. ಪುರೋಹಿತರು ಪಂಚಾಂಗ ನೋಡಿ, ಪ್ರಾಣ ಹೋದದ್ದು ವಿಶಾಖ ನಕ್ಷತ್ರದಲ್ಲಿ, ಮೂರು ತಿಂಗಳು ಮನೆ ಬಿಡಬೇಕು ಎಂದರು. ಈ ಪದ್ಧತಿ ನಿಮ್ಮ ಕಾಲಕ್ಕೆ ಇರುತ್ತದೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ನಕ್ಷತ್ರಗಳಲ್ಲಿ ಯಾರಾದರೂ ಮನೆಯಲ್ಲಿ ತೀರಿಕೊಂಡರೆ ಆ ಮನೆಯಲ್ಲಿ ಯಾರೂ ಇರಬಾರದು. ದೀಪ ಹಚ್ಚಬಾರದು, ಒಳಗಿನ ಸಾಮಾನು ಮುಟ್ಟಬಾರದು. ಬಾಗಿಲಿಗೆ ಬೀಗ ಹಾಕಿ, ಅಡ್ಡಕ್ಕೆ ಮುಳ್ಳಿನ ಕೊಂಬೆ ಕಟ್ಟಬೇಕು. ಅವಧಿ ಮುಗಿದ ಮೇಲೆ ಶಾಂತಿ ಮಾಡಿಸಿ ತೆಗೆಯಬೇಕು. ಇಲ್ಲದಿದ್ದರೆ ಅದೇ ಮನೆಯಲ್ಲಿ ಇನ್ನೊಂದು ಸಾವಾಗುತ್ತದೆ ಎನ್ನುತ್ತಾರೆ. ಮಹಡಿಯ ಮೇಲಿನ ಮಾಲೀಕರ ಹೆಂಡತಿಯೂ ಮೂರು ತಿಂಗಳು ಬಿಟ್ಟೇ ಬಿಡಿ ಎಂದು ಹೇಳಿಕಳಿಸಿದರು. ಅವರ ಗಂಡನಿಗೆ ಬೈಪಾಸ್ ಆಗಿತ್ತು, ಆಕೆಗೆ ನಮಗಿಂತ ಹೆಚ್ಚು ಭಯ.

ತಿಥಿ ಮುಗಿದ ಮರುದಿನ ಹೊರಟೆವು. ರಾಹುಕಾಲಕ್ಕೆ ಮುಂಚೆ ಹೊಸಿಲು ದಾಟಬೇಕೆಂದು ಭಾವ ಅವಸರ ಮಾಡಿದರು. ಪಾತ್ರೆ, ಬಟ್ಟೆ, ಹಾಸಿಗೆ ಗಾಡಿಗೆ ಹೋದವು. ಚಿಕ್ಕಮ್ಮ ಅಷ್ಟು ದಿನವೂ ಸರಿಯಾಗಿ ನಿದ್ದೆ ಮಾಡಿರಲಿಲ್ಲ, ಹೇಳಿದ ಕಡೆ ಏರಿ ಕೂತಳು. ಭಾವ ಬೀಗ ಹಾಕಿ ಜಾಲಿಮುಳ್ಳಿನ ಕೊಂಬೆ ಕಟ್ಟಿದರು. ಗಾಡಿ ಹುಣಸೂರು ರಸ್ತೆಗೆ ಬಂದ ಮೇಲೆ ಅವಳಿಗೆ ನೆನಪಾಯಿತು. ಪುಸ್ತಕಗಳೂ ಪ್ರಾಕ್ಟಿಕಲ್ ರೆಕಾರ್ಡೂ ಒಳಗಿನ ಶೆಲ್ಫಿನಲ್ಲೇ ಉಳಿದಿದ್ದವು.

ವಾಪಸ್ಸು ಹೋಗೋಣವೇ ಎಂದು ಅವಳು ಕೇಳಿದಳು. ಭಾವ ಕೆಟ್ಟವರಲ್ಲ, ನಿಧಾನವಾಗಿಯೇ ಹೇಳಿದರು. "ಒಂದ್ಸಲ ಮುಳ್ಳು ಕಟ್ಟಿದ್ಮೇಲೆ ತೆಗೆಯಂಗಿಲ್ಲ ಕಣವ್ವ. ತೆಗುದ್ರೆ ಮತ್ತೆ ಮೊದಲಿಂದ ಮೂರು ತಿಂಗ್ಳು."

ಆ ಊರಿಗೆ ಬೆಳಿಗ್ಗೆ ಒಂದೇ ಬಸ್ಸು. ಅದರಲ್ಲಿ ಇಲವಾಲಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಇಳಿದು ನಡೆದು ಕಾಲೇಜಿಗೆ ಹೋಗುವಷ್ಟರಲ್ಲಿ ಮೊದಲ ಪೀರಿಯಡ್ಡು ಅರ್ಧ ಕಳೆದಿರುತ್ತಿತ್ತು. ಮೊದಲ ಪೀರಿಯಡ್ಡು ಹೆಚ್ಚು ದಿನ ಅವಳ ಇಷ್ಟದ ರಸಾಯನಶಾಸ್ತ್ರವೇ. ಆ ಮೇಷ್ಟ್ರು ಬಂದ ಕೂಡಲೇ ಹಾಜರಿ ಕೂಗಿ ಪುಸ್ತಕ ಮುಚ್ಚುತ್ತಿದ್ದರಂತೆ. ತಡವಾಗಿ ಬಂದವರನ್ನು ಒಳಗೆ ಬಿಡುತ್ತಿದ್ದರು, ಪಾಠ ಕೇಳಲು ಅಡ್ಡಿಯಿಲ್ಲ, ಆದರೆ ಹಾಜರಿ ಇಲ್ಲ. ಅವಳು ದಿನವೂ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಪಾಠ ಕೇಳಿದಳು. ಪುಸ್ತಕದಲ್ಲಿ ಮಾತ್ರ ಅವಳು ಬಂದಿರಲಿಲ್ಲ.

ಒಂದು ಭಾನುವಾರ ನನ್ನನ್ನು ಕರೆದುಕೊಂಡು ಸರಸ್ವತಿಪುರಂಗೆ ಬಂದಳು. ಮುಂಬಾಗಿಲ ಮುಳ್ಳು ಒಣಗಿತ್ತು. ಬೀದಿಯ ಮಕ್ಕಳು ಅದರ ಹತ್ತಿರ ಬಂದ ಚೆಂಡನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ನಾವು ಹಿಂದಿನ ಕಿಟಕಿಗೆ ಹೋದೆವು. ಗಾಜಿನ ಬಾಗಿಲಿಗೆ ಚಿಲಕ ಸರಿಯಾಗಿ ಬೀಳುತ್ತಿರಲಿಲ್ಲ, ತಳ್ಳಿದರೆ ತೆರೆಯಿತು. ಸರಳುಗಳಾಚೆ ಶೆಲ್ಫು, ಅದರ ಮೇಲೆ ಕಂದು ಕಾಗದದ ಹೊದಿಕೆ ಹಾಕಿದ ರೆಕಾರ್ಡು. ಬಾಗಿಲು ತೆಗೆಯುತ್ತಿಲ್ಲವಲ್ಲ, ಹೊಸಿಲು ದಾಟುತ್ತಿಲ್ಲವಲ್ಲ ಎಂದು ಅವಳ ಲೆಕ್ಕ. ಹೊರಗೆ ಒರಗಿಸಿಟ್ಟಿದ್ದ ಜೇಡರಬಲೆ ತೆಗೆಯುವ ಕೋಲನ್ನು ಸರಳಿನೊಳಗೆ ತೂರಿಸಿ ರೆಕಾರ್ಡನ್ನು ತನ್ನ ಕಡೆ ಎಳೆಯಲು ನೋಡಿದಳು. ಅದು ಅಂಚಿನವರೆಗೆ ಬಂದಿತು. ಇನ್ನೊಂದು ಸಲ ಎಳೆದಾಗ ನೆಲಕ್ಕೆ ಬಿತ್ತು, ಕೋಲಿಗೆ ಎಟುಕದ ಕಡೆ.

ಸದ್ದಿಗೆ ಮಾಲೀಕರ ಹೆಂಡತಿ ಮೇಲಿನಿಂದ ಬಗ್ಗಿ ನೋಡಿದರು. ನನಗೆ ಸೆರಗು ಹೊದ್ದುಕೊಳ್ಳುವಷ್ಟೂ ಸಮಯ ಸಿಗಲಿಲ್ಲ.

"ಏನ್ರಮ್ಮ ಇದು. ನಿಮ್ಮನೇಲಿ ಒಬ್ರು ಹೋಗಿದ್ದು ಸಾಲ್ದಾ, ನಮ್ಮನೇಲೂ ಹೋಗ್ಬೇಕಾ?"

ಚಿಕ್ಕಮ್ಮ ಕೋಲನ್ನು ಗೋಡೆಗೆ ಒರಗಿಸಿದಳು. "ನನ್ ರೆಕಾರ್ಡ್ ಆಂಟಿ, ಅಷ್ಟೇ" ಎಂದಳು. ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಗಂಡ ಇವತ್ತಿಗೂ ಗಟ್ಟಿಯಾಗಿದ್ದಾರೆ, ದಿನಾ ವಾಕಿಂಗ್ ಹೋಗುತ್ತಾರೆ. ಅವರು ಬದುಕಿರಲಿ. ಸಿಟ್ಟಿನಿಂದ ಹೇಳುತ್ತಿಲ್ಲ.

ರೆಕಾರ್ಡನ್ನು ಅವಳು ಗೆಳತಿಯದನ್ನು ನೋಡಿಕೊಂಡು ಮತ್ತೆ ಪೂರ್ತಿ ಬರೆದಳು. ಆ ಗೆಳತಿ ಕ್ರಿಶ್ಚಿಯನ್ನರ ಹುಡುಗಿ, ಮನೆ ಕಾಲೇಜಿಗೆ ಹತ್ತಿರ. ಅವಳ ತಾಯಿ ನಮ್ಮ ಸಮಾಚಾರ ತಿಳಿದು ಭಾವನ ಮನೆಯವರೆಗೆ ಬಂದರು. "ನಮ್ ಹುಡುಗಿ ಜೊತೆ ಇರ್ಲಿ ಬಿಡ್ರಿ, ಪರೀಕ್ಷೆ ಮುಗಿಯೋವರ್ಗೆ. ನಮ್ಮಲ್ಲಿ ಈ ನಕ್ಷತ್ರದ ಕಾಟ ಇಲ್ಲ" ಎಂದರು. ನಾನು ಒಳಗಿನ ಬಾಗಿಲ ಹಿಂದೆ ನಿಂತು ಕೇಳಿದೆ. ನಮ್ಮ ನೆಂಟರಲ್ಲಿ ಸಿಟಿಯಲ್ಲಿ ಮನೆ ಇದ್ದವರು ಯಾರೂ ಆ ಮಾತು ಆಡಿರಲಿಲ್ಲ. ಮನೆ ಬಿಟ್ಟು ಬಂದವರನ್ನು ಮನೆಗೆ ಸೇರಿಸಿಕೊಳ್ಳಲು ಅವರಿಗೂ ಹಿಂಜರಿಕೆ. ಭಾವ ಆಕೆಗೆ ಕಾಫಿ ಕೊಡಿಸಿ, ಮರ್ಯಾದೆಯಿಂದಲೇ ಬೇಡವೆಂದರು. ತಂದೆಯಿಲ್ಲದ ಹೆಣ್ಣುಮಗುವನ್ನು ವರ್ಷ ತುಂಬುವ ಮೊದಲೇ ಬೇರೆಯವರ ಮನೆಯಲ್ಲಿ ಬಿಟ್ಟರೆ, ದೊಡ್ಡಪ್ಪನಾದವನು ಎರಡು ಹೊತ್ತು ಅನ್ನ ಹಾಕಲಾರದೆ ಹೋದ ಎಂದು ಊರು ಆಡಿಕೊಳ್ಳುತ್ತದೆ ಎಂಬುದು ಅವರ ಸಂಕಟ. ಅವರಿಗೆ ಹಾಜರಾತಿಯ ಲೆಕ್ಕ ಅರ್ಥವೇ ಆಗಿರಲಿಲ್ಲ. ದಿನಾ ಕಾಲೇಜಿಗೆ ಹೋಗುತ್ತಾಳಲ್ಲ, ಇನ್ನೇನು ಬೇಕು ಅವರಿಗೆ ಎನ್ನುತ್ತಿದ್ದರು.

ಪರೀಕ್ಷೆಗೆ ಮುಂಚೆ ಕಾಲೇಜಿನ ಬೋರ್ಡಿನಲ್ಲಿ ಹಾಜರಾತಿ ಕಡಿಮೆಯಾದವರ ಹೆಸರು ಹಾಕಿದರು. ರಸಾಯನಶಾಸ್ತ್ರದ ಕೆಳಗೆ ಅವಳ ಹೆಸರಿತ್ತು. ಪ್ರಿನ್ಸಿಪಾಲರು ತಂದೆ ತೀರಿಕೊಂಡ ದಿನಗಳನ್ನು ಬಿಟ್ಟುಕೊಟ್ಟರು, ಆದರೂ ಸಾಲಲಿಲ್ಲ. ಉಳಿದ ವಿಷಯಗಳನ್ನೆಲ್ಲ ಬರೆದಳು, ಒಳ್ಳೆಯ ಅಂಕ ಬಂದವು. ರಸಾಯನಶಾಸ್ತ್ರದ ಪರೀಕ್ಷೆಯ ದಿನ ಭಾವನ ಮನೆಯ ಹಿತ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸಿದಳು. ನಾನು ಹತ್ತಿರ ಹೋದರೆ, ಈಗ ಪೇಪರ್ ಕೊಟ್ಟಿರುತ್ತಾರಮ್ಮ ಎಂದಳು.

ಒಂದು ವಿಷಯ ಉಳಿದದ್ದರಿಂದ ಟ್ರಸ್ಟಿನವರು ಫೀಸು ನಿಲ್ಲಿಸಿದರು. ಕಾರಣ ಏನಾದರೂ ಇದ್ದರೆ ಪೋಷಕರ ಜೊತೆ ಬಂದು ಹೇಳಬಹುದು ಎಂದು ತಿಳಿಸಿದರು. ಭಾವ ಬರುತ್ತೇನೆ ಎಂದರು. ಅವಳು, ಅಮ್ಮ ಬರಲಿ ಎಂದಳು.

ಜಯಲಕ್ಷ್ಮಿಪುರಂನಲ್ಲಿ ಅವರ ಕಚೇರಿ. ಮೇಜಿನ ಆಚೆ ಒಬ್ಬ ಹೆಂಗಸು, ಒಬ್ಬ ವಯಸ್ಸಾದ ಗಂಡಸು. ಆ ಮೇಜಿಗೆ ಹೊಸದಾಗಿ ಪಾಲಿಶ್ ಹಾಕಿಸಿದ್ದರು, ವಾಸನೆ ಬಂತು. ನಾನು ತಲೆ ಎತ್ತಲಿಲ್ಲ.

ಆ ಮೇಡಂ ಅಂಕಗಳನ್ನು ನೋಡಿ ಹೊಗಳಿದರು. ತಂದೆಯ ಸಾವಿಗೆ ಎಷ್ಟು ದಿನ ಬಿಟ್ಟುಕೊಡಬಹುದೋ ಅಷ್ಟನ್ನೂ ಬಿಡುತ್ತೇವೆ, ಅದಾದ ಮೇಲೂ ಮೂರು ತಿಂಗಳು ಮೊದಲ ಪೀರಿಯಡ್ಡಿಗೆ ಯಾಕೆ ಬರಲಿಲ್ಲ, ಹುಷಾರಿರಲಿಲ್ಲವೇ ಎಂದು ಕೇಳಿದರು. ಹೌದು ಎಂದುಬಿಡಲಿ ಎಂದೇ ಆಕೆ ಕೇಳಿದ ಹಾಗಿತ್ತು. ಚಿಕ್ಕಮ್ಮ ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ವಿಜ್ಞಾನ ಓದುವ ಹುಡುಗಿ, ಅವರೆದುರು ನಕ್ಷತ್ರದ ಮಾತು ಹೇಗೆ ಆಡಿಯಾಳು. ನನ್ನ ಕಡೆ ತಿರುಗಿದಳು.

ನಾನು ಮೇಜನ್ನೇ ನೋಡುತ್ತಾ ಹೇಳಿದೆ. "ಮನೆ ಬಿಟ್ಟಿದ್ವಿ ಮೇಡಂ. ನಕ್ಷತ್ರ ಸರಿ ಇರ್ಲಿಲ್ಲ. ಹಳ್ಳಿಯಿಂದ ಬಸ್ಸು ಆ ಹೊತ್ತಿಗೆ ಬರಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. ಇದನ್ನು ಏನೆಂದು ಬರೆಯುವುದು ಎಂದು ಪಕ್ಕದವರನ್ನು ನೋಡಿದರು. ಆ ಹಿರಿಯರು ಕೇಳಿದರು.

"ಯಾವ ನಕ್ಷತ್ರ ಕಣಮ್ಮ?"

"ವಿಶಾಖ, ಸ್ವಾಮಿ."

"ಹಾಗಾದ್ರೆ ಮೂರು ತಿಂಗಳು ಸರಿ. ನಮ್ಮ ತಾಯಿಯವರು ಹೋದಾಗ ನಾವೂ ಬಿಟ್ಟಿದ್ವಿ." ಮೇಜಿನ ಮೇಲಿನ ಕಾಗದವನ್ನು ಸರಿಸಿ, "ನಮಗೆ ಇಲ್ಲೇ ಎರಡನೇ ಕ್ರಾಸಲ್ಲಿ ಇನ್ನೊಂದು ಮನೆ ಇತ್ತು" ಎಂದರು.

ಅವರಿಗೆ ಎಲ್ಲವೂ ಅರ್ಥವಾಗಿತ್ತು. ಅರ್ಥವಾದದ್ದಕ್ಕೆ ನಿಯಮದಲ್ಲಿ ಜಾಗ ಇರಲಿಲ್ಲ. ಇಂಥದ್ದಕ್ಕೆ ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂದು ಮೇಡಂ ಬೇಸರದಿಂದಲೇ ಹೇಳಿದರು. ಆ ವಿಷಯಕ್ಕೆ ಮತ್ತೆ ಕ್ಲಾಸಿಗೆ ಕೂತು, ಹಾಜರಾತಿ ತುಂಬಿಸಿ, ಪಾಸು ಮಾಡಿ ಬಂದರೆ ಆಮೇಲೆ ನೋಡೋಣ ಎಂದರು. ಅಲ್ಲಿಯವರೆಗೆ ಫೀಸು ನಮ್ಮದೇ. ಅದು ಆಗದ ಮಾತೆಂದು ಆ ಕೋಣೆಯಲ್ಲಿದ್ದ ನಾಲ್ವರಿಗೂ ಗೊತ್ತಿತ್ತು. ಎದ್ದು ಬರುವಾಗ ಆ ಹಿರಿಯರು, ಶಾಂತಿ ಸರಿಯಾಗಿ ಮಾಡಿಸಿದಿರಿ ತಾನೇ ಎಂದು ಕೇಳಿದರು. ಮಾಡಿಸಿದೆವು ಎಂದೆ.

ಹೊರಗೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಾಗ ಅವಳು ನನ್ನ ಕೈ ಹಿಡಿದುಕೊಂಡಳು. "ಚೆನ್ನಾಗಿ ಹೇಳ್ದೆ ಕಣಮ್ಮ" ಎಂದಳು. ನಾನು ಹೇಳದೆ ಇದ್ದಿದ್ದರೆ ಹುಷಾರಿರಲಿಲ್ಲ ಎಂದಾದರೂ ಬರೆದುಕೊಳ್ಳುತ್ತಿದ್ದರೇನೋ. ಅದು ಅವಳಿಗೂ ಗೊತ್ತಿತ್ತು. ಆ ಮಾತನ್ನು ನಾವು ಇವತ್ತಿನವರೆಗೂ ಆಡಿಲ್ಲ.

ನಾವು ಮತ್ತೆ ಅದೇ ಎರಡು ಕೋಣೆಗೆ ಬಂದಿದ್ದೇವೆ, ನೀವು ನೋಡಿದ್ದೀರಿ. ಅವಳು ಈಗ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಮುಂದಿನ ಕೌಂಟರಿನಲ್ಲಿ ಕೂರುತ್ತಾಳೆ. ಬಂದವರ ಹೆಸರು, ವಯಸ್ಸು ಬರೆದುಕೊಂಡು ಚೀಟಿ ಕೊಡುವುದು ಅವಳ ಕೆಲಸ. ಪರೀಕ್ಷೆ ಒಳಗೆ ನಡೆಯುತ್ತದೆ, ಅಲ್ಲಿಗೆ ಡಿಗ್ರಿ ಇದ್ದವರು ಹೋಗುತ್ತಾರೆ. ಕೆಲಸಕ್ಕೆ ಒಂದು ದಿನವೂ ತಡವಾಗಿ ಹೋದವಳಲ್ಲ.

ಮುಂದಿನ ಸಲ ಬಂದಾಗ ಹಿಂದಿನ ಕಿಟಕಿಯನ್ನು ನೋಡಿ. ಅವಳ ಬ್ಯಾಗು, ಪಿಯುಸಿ ಅಂಕಪಟ್ಟಿ, ಆ ಕಂದು ಹೊದಿಕೆಯ ರೆಕಾರ್ಡು ಎಲ್ಲವೂ ಸರಳಿಗೆ ಅಂಟಿಕೊಂಡ ಹಾಗೆ ಕಿಟಕಿಯ ಕಟ್ಟೆಯ ಮೇಲಿವೆ. ಮಳೆ ಬಂದರೆ ಎರಚಲು ಬೀಳುತ್ತದೆ, ಶೆಲ್ಫಿನಲ್ಲಿ ಇಡು ಎಂದರೆ ಕೇಳುವುದಿಲ್ಲ. ಹೊರಗಿನಿಂದ ಕೈಗೆ ಸಿಗುವ ಕಡೆ ಇಟ್ಟಿದ್ದಾಳೆ. ನೀವು ಆಡುವಾಗ ಅವನ್ನು ತೆಗೆದು ಒಳಗೆ ಇಡಬೇಡಿ.